ಹುಲ್ಲಿನ ಔಷಧಿ ಹೊಡೆದ ಹೊಲಕ್ಕೆ ಯಾವ ಗೊಬ್ಬರ?

ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಬೆಳಗಿನ ರೈಲುಗಳಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿಗೆ ಬೀಗ ಬಿದ್ದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ಒಲೆ ಉರಿಯುತ್ತಿರುವುದು ಬೆಂಗಳೂರಿನ ಸಂಬಳದಿಂದ. ಗಣಿ ಕಾಲೊನಿಗಳವರಷ್ಟೇ ಏಕೆ, ಬೂದಿಕೋಟೆ, ಕಾಮಸಮುದ್ರ, ಬೇತಮಂಗಲದ ಸುತ್ತಿನ ಹಳ್ಳಿಗಳ ಹುಡುಗ ಹುಡುಗಿಯರೂ ಕಾರ್ಖಾನೆಯ ಬಸ್ಸು ಹತ್ತಿ ಮಾಲೂರು, ನರಸಾಪುರ, ವೇಮಗಲ್ ಕಡೆಗೆ ಹೋಗುತ್ತಾರೆ. ರಾಗಿ ಹೊಲದಲ್ಲಿ ಕೂತು ಕಳೆ ಕೀಳಬೇಕಾಗಿದ್ದ ಕೈಗಳು ಹೀಗೆ ಬಸ್ಸು, ರೈಲು ಹತ್ತಿದ ಮೇಲೆ ಹೊಲಕ್ಕೆ ಇಳಿದದ್ದು ಬೆನ್ನಿಗೆ ಹೊರುವ ಸ್ಪ್ರೇಯರ್ ಮತ್ತು ಕಳೆನಾಶಕದ ಡಬ್ಬಿ.

ಈ ಭಾಗದಲ್ಲಿ ಅದಕ್ಕೆ ಹುಲ್ಲಿನ ಔಷಧಿ ಎನ್ನುತ್ತಾರೆ. ರಾಗಿಗೆ 2,4-ಡಿ, ಟೊಮೆಟೊಗೆ ಮೆಟ್ರಿಬುಜಿನ್ ಅಥವಾ ಪೆಂಡಿಮೆಥಾಲಿನ್, ಮುಸುಕಿನ ಜೋಳಕ್ಕೆ ಅಟ್ರಜಿನ್, ಬದು, ಮಾವಿನ ತೋಪು, ಬೀಳು ಜಮೀನಿಗೆ ಗ್ಲೈಫೋಸೇಟ್. ತುರ್ತಿದ್ದವರಿಗೆ ಒಂದೆರಡು ದಿನದಲ್ಲೇ ಹುಲ್ಲು ಸುಟ್ಟುಹಾಕುವ ಪ್ಯಾರಾಕ್ವಾಟ್. ಭಾರತದಲ್ಲಿ ಗ್ಲೈಫೋಸೇಟ್‌ಗೆ ಅನುಮತಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ ಮಾತ್ರ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಪರವಾನಗಿ ಪಡೆದ ಕೀಟ ನಿಯಂತ್ರಕರ ಹೊರತು ಬೇರೆ ಯಾರೂ ಅದನ್ನು ಸಿಂಪಡಿಸುವಂತಿಲ್ಲ ಎಂದೂ ಆದೇಶಿಸಿತು. ಆದೇಶ ದೆಹಲಿಯಲ್ಲಿದೆ, ಡಬ್ಬಿ ಹಳ್ಳಿಯಲ್ಲಿದೆ.

ಕಳೆನಾಶಕ ಬಂದಾಗ ಮೊದಲು ಹೊಲ ಬಿಟ್ಟು ಹೋದದ್ದು ಕಳೆಯಲ್ಲ, ಅಕ್ಕಡಿ ಸಾಲು. ಕೋಲಾರದ ರಾಗಿ ಹೊಲವೆಂದರೆ ರಾಗಿಯೊಂದೇ ಇರುತ್ತಿರಲಿಲ್ಲ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳದ ಸಾಲುಗಳಿರುತ್ತಿದ್ದವು. 2,4-ಡಿ ಕೊಲ್ಲುವುದು ಅಗಲ ಎಲೆಯ ಗಿಡಗಳನ್ನು. ಅದಕ್ಕೆ ಕಾಂಗ್ರೆಸ್ ಗಿಡವೂ ಒಂದೇ, ಅವರೆ ಗಿಡವೂ ಒಂದೇ. ಆ ಔಷಧಿ ಹೊಡೆಯಬೇಕೆಂದರೆ ಹೊಲದಲ್ಲಿ ರಾಗಿ, ಜೋಳ ಮಾತ್ರ ಉಳಿಯಬೇಕು. ಅವರೆ, ತೊಗರಿಯ ಬೇರುಗಂಟಿನಲ್ಲಿ ಕುಳಿತು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತಿದ್ದ ರೈಜೋಬಿಯಂ ಬ್ಯಾಕ್ಟೀರಿಯಾಕ್ಕೂ ಅಲ್ಲಿಂದ ಮನೆಯಿಲ್ಲ. ಈ ನಷ್ಟ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ, ಯಾರ ಲೆಕ್ಕದಲ್ಲೂ ಬರುವುದಿಲ್ಲ.

ಇನ್ನು ಮಣ್ಣಿನ ಒಳಗೆ. ಚೆನ್ನಾದ ಹೊಲದ ಒಂದು ಗ್ರಾಂ ಮಣ್ಣಿನಲ್ಲಿ ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಬ್ಯಾಕ್ಟೀರಿಯಾಗಳಿರುತ್ತವೆ, ಜೊತೆಗೆ ಶಿಲೀಂಧ್ರಗಳ ಎಳೆಗಳು. ಗ್ಲೈಫೋಸೇಟ್ ಗಿಡವನ್ನು ಕೊಲ್ಲುವುದು ಶಿಕಿಮೇಟ್ ಹಾದಿ ಎಂಬ ಒಳಕೆಲಸವನ್ನು ತಡೆದು. ಗಿಡ ತನಗೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳುವುದು ಆ ಹಾದಿಯಲ್ಲಿ. ಮನುಷ್ಯರಲ್ಲಿ, ದನಕರುಗಳಲ್ಲಿ ಆ ಹಾದಿ ಇಲ್ಲ, ಆದ್ದರಿಂದ ಔಷಧಿ ಸುರಕ್ಷಿತ ಎಂದು ಮಾರುವವರು ಹೇಳಿದರು. ಆದರೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳಲ್ಲಿ ಅದು ಇದೆ. ಅವುಗಳಲ್ಲಿ ಕೆಲವು ಔಷಧಿ ತಾಳಿಕೊಳ್ಳುತ್ತವೆ, ಕೆಲವು ಸಾಯುತ್ತವೆ. ಹೀಗೆ ಕೊನೆಗೆ ಒಟ್ಟು ತಲೆಯೆಣಿಕೆ ಹೆಚ್ಚು ಬದಲಾಗದೆ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಎಂಬುದು ಬದಲಾಗುತ್ತದೆ. (ಮನುಷ್ಯರ ವಿಷಯದ ಆ ಭರವಸೆಯೂ ಗಟ್ಟಿಯಾಗಿ ನಿಲ್ಲಲಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗ್ಲೈಫೋಸೇಟನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು.)

ಎಲ್ಲಕ್ಕಿಂತ ನಾಜೂಕಾದವು ನೈಟ್ರೀಕಾರಕ ಸೂಕ್ಷ್ಮಜೀವಿಗಳು. ಯೂರಿಯಾ ಒಡೆದು ಬಂದ ಅಮೋನಿಯಾವನ್ನು ನೈಟ್ರೇಟ್ ಮಾಡಿ ಬೇರಿಗೆ ಒದಗಿಸುವ ಕೆಲಸ ಇವುಗಳದ್ದು. ಕೆಲವು ಕಳೆನಾಶಕಗಳ ನಂತರ ಈ ಕೆಲಸ ದಿನಗಟ್ಟಲೆ, ವಾರಗಟ್ಟಲೆ ಮಂದವಾಗುತ್ತದೆ. ಪೈರು ಬಿಳಿಚಿಕೊಂಡರೆ ರೈತ ಏನು ಮಾಡುತ್ತಾನೆ? ಇನ್ನೊಂದು ಮೂಟೆ ಯೂರಿಯಾ ಎರಚುತ್ತಾನೆ. 45 ಕಿಲೋ ಮೂಟೆ 266 ರೂಪಾಯಿ 50 ಪೈಸೆಗೆ ಸಿಗುವಾಗ ಯಾರು ತಾನೇ ಯೋಚಿಸುತ್ತಾರೆ?

ಹಾಗೆಂದು ಕಳೆನಾಶಕ ಬಿದ್ದ ಹೊಲವೆಲ್ಲ ಸತ್ತ ಹೊಲ ಎನ್ನುವುದು ಸರಿಯಲ್ಲ. ಶಿಫಾರಸಿನ ಪ್ರಮಾಣದಲ್ಲಿ ಒಮ್ಮೆ ಹೊಡೆದರೆ ಸೂಕ್ಷ್ಮಜೀವಿಗಳ ಸಂಖ್ಯೆ ಕುಸಿದು, ಕೆಲವು ವಾರಗಳಲ್ಲಿ ಮತ್ತೆ ಏರುವುದೇ ಸಾಮಾನ್ಯ. ಅಷ್ಟೇ ಅಲ್ಲ, ಮಣ್ಣು ಔಷಧಿಯನ್ನು ತಿನ್ನಲು ಕಲಿಯುತ್ತದೆ. 1949ರಲ್ಲಿ ಲಂಡನ್ನಿನ ಸಸ್ಯವಿಜ್ಞಾನಿ ಆಡಸ್ ಮಣ್ಣಿನ ಮೂಲಕ 2,4-ಡಿ ದ್ರಾವಣವನ್ನು ಮತ್ತೆ ಮತ್ತೆ ಹರಿಸಿ ನೋಡಿದರು. ಮೊದಲ ಸಲ ಹಲವು ದಿನ ಏನೂ ಆಗಲಿಲ್ಲ, ಆಮೇಲೆ ಔಷಧಿ ಸರಸರನೆ ಕರಗಿತು. ಎರಡನೆಯ ಸಲ ಹಾಕಿದಾಗ ಆ ಕಾಯುವಿಕೆಯೇ ಇರಲಿಲ್ಲ. ಅಷ್ಟರಲ್ಲಿ ಅದನ್ನು ಉಣ್ಣಬಲ್ಲ ಜೀವಿಗಳು ಮಣ್ಣಿನಲ್ಲಿ ತುಂಬಿಕೊಂಡಿದ್ದವು.

ತೊಂದರೆ ಇರುವುದು ಈ ಚೇತರಿಕೆಗೆ ಬೇಕಾದ ಬಂಡವಾಳ ಇಲ್ಲದ ಮಣ್ಣಿನಲ್ಲಿ. ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳದ್ದು ಬಹುಪಾಲು ಮರಳು ಬೆರೆತ ಕೆಂಪು ಮಣ್ಣು. ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಪ್ರಯೋಗಾಲಯದವರು ಕಡಿಮೆ ಎಂದು ಗುರುತು ಹಾಕುತ್ತಾರೆ. ಇಲ್ಲಿನ ಎಷ್ಟೋ ಖುಷ್ಕಿ ಹೊಲಗಳ ಚೀಟಿಯಲ್ಲಿ ಆ ಗುರುತೇ ಇರುತ್ತದೆ. ಮಳೆಯೂ ಅಷ್ಟಕ್ಕಷ್ಟೆ. ಒಣಗಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ, ಔಷಧಿ ಕರಗದೆ ಹಾಗೇ ಉಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಹೊಡೆದ ಔಷಧಿ ಮುಂದಿನ ಬೆಳೆಯ ಬುಡದಲ್ಲಿ ಕಾದು ಕುಳಿತಿರುವುದು ಇದರಿಂದಲೇ.

ಅಂದರೆ ಆ ಜೀವಿಗಳಿಗೆ ಊಟ ಹಾಕಿದರೆ ಹೇಗೆ? ಗೊಬ್ಬರ ಬೆಳೆಗೆ ಎಂದು ಹಾಕುತ್ತೇವೆ. ಮಣ್ಣಿನ ಜೀವಿಗಳಿಗೆಂದೇ ಗೊಬ್ಬರ ಹಾಕಿ, ಅವುಗಳಿಂದ ವಿಷ ತೊಳೆಸಿಕೊಳ್ಳುವ ಉಪಾಯ ಪ್ರಪಂಚದ ಕಣ್ಣಿಗೆ ಬಿದ್ದದ್ದು ಸಮುದ್ರದ ದಂಡೆಯಲ್ಲಿ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಅಲಾಸ್ಕದ ಕರಾವಳಿಯಲ್ಲಿ ಬಂಡೆಗೆ ತಗುಲಿ ನಾಲ್ಕು ಕೋಟಿ ಲೀಟರಿಗೂ ಹೆಚ್ಚು ಕಚ್ಚಾತೈಲ ಚೆಲ್ಲಿತು. ತೈಲ ತಿನ್ನುವ ಬ್ಯಾಕ್ಟೀರಿಯಾಗಳು ಆ ದಂಡೆಯಲ್ಲಿ ಮೊದಲೇ ಇದ್ದವು. ತೈಲದಲ್ಲಿ ಇಂಗಾಲ ಬೇಕಾದಷ್ಟಿತ್ತು, ಮೈ ಬೆಳೆಸಿಕೊಳ್ಳಲು ಬೇಕಾದ ಸಾರಜನಕ, ರಂಜಕ ಇರಲಿಲ್ಲ. ಕಲ್ಲುಗಳ ಮೇಲೆ ಎಣ್ಣೆಗೆ ಅಂಟುವ ಗೊಬ್ಬರ ಸಿಂಪಡಿಸಿದರು, ನಿಧಾನವಾಗಿ ಕರಗುವ ಗೊಬ್ಬರದ ಹರಳು ಎರಚಿದರು. ಗೊಬ್ಬರ ಬಿದ್ದ ಕಡೆ ತೈಲ ಕರಗುವ ವೇಗ ಹೆಚ್ಚಿತು.

ಚಿನ್ನದ ಗಣಿಯಲ್ಲೂ ಇಂಥದ್ದೇ ಕೆಲಸ ನಡೆದಿದೆ. ಕೆಜಿಎಫ್‌ನಲ್ಲಲ್ಲ, ಅಮೆರಿಕದ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಗಣಿಯಲ್ಲಿ. ಅಲ್ಲಿಯೂ ಅದಿರಿನಿಂದ ಚಿನ್ನ ಬಿಡಿಸುತ್ತಿದ್ದುದು ಸೈನೈಡಿನಿಂದ. 1984ರಿಂದ ಆ ಗಣಿಯವರು ಸೈನೈಡ್ ನೀರನ್ನು ತಮ್ಮ ಗಣಿಯ ನೀರಿನಲ್ಲೇ ಇದ್ದ ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಿದರು. ತಿರುಗುವ ದೊಡ್ಡ ತಟ್ಟೆಗಳ ಮೇಲೆ ಅವು ಪಾಚಿಯಂತೆ ಬೆಳೆದು ಸೈನೈಡನ್ನು ಒಡೆದು ತಿನ್ನುತ್ತಿದ್ದವು. ಸೈನೈಡಿನಲ್ಲಿ ಇಂಗಾಲವೂ ಇದೆ, ಸಾರಜನಕವೂ ಇದೆ. ಇಲ್ಲದ್ದು ರಂಜಕ. ಅದನ್ನು ಮಾತ್ರ ರಂಜಕಾಮ್ಲದ ರೂಪದಲ್ಲಿ ಹೊರಗಿನಿಂದ ಕೊಟ್ಟರು. ಕೆಳಗಿನ ಹೊಳೆಗೆ ಮೀನು ಮರಳಿತು.

ಊರಿಗಾಂ, ಚಾಂಪಿಯನ್ ರೀಫ್ ಆಸುಪಾಸಿನ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಈ ಕಥೆ ಕೇಳಿ ಹೊಟ್ಟೆ ಉರಿಯಬಹುದು. 120 ವರ್ಷದಲ್ಲಿ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೋಯಿತು. ಉಳಿದದ್ದು 13 ದಿಬ್ಬ, ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಅರೆದ ಕಲ್ಲುಪುಡಿ. ಆಷಾಢದ ಗಾಳಿಗೆ ಅದು ಎದ್ದು ಮನೆಗಳ ಅನ್ನದ ತಟ್ಟೆಗೂ ಬೀಳುತ್ತದೆ. ಬಿಸಿಲು, ಗಾಳಿಗೆ ಸಿಕ್ಕ ಸೈನೈಡ್ ದಶಕಗಳಲ್ಲಿ ಬಹುಮಟ್ಟಿಗೆ ಒಡೆದುಹೋಗುತ್ತದೆ. ಆದರೂ ಆ ದಿಬ್ಬಗಳ ಮೇಲೆ ಹಸಿರು ಹತ್ತಲು ಪರದಾಡುವುದಕ್ಕೆ ಕಾರಣ ವಿಷಕ್ಕಿಂತ ಬರಿತನ: ಅಲ್ಲಿ ಇಂಗಾಲವಿಲ್ಲ, ಸಾರಜನಕವಿಲ್ಲ, ನೀರು ಹಿಡಿಯುವ ಗುಣವಿಲ್ಲ, ಗಂಧಕದ ಖನಿಜಗಳು ಗಾಳಿಗೆ ಹುಳಿಯಾಗುವ ಕಾಟ ಬೇರೆ. ಪುಡಿಯಾದ ಕಲ್ಲು ತನಗೆ ತಾನೇ ಮಣ್ಣಾಗುವುದಿಲ್ಲ, ಅದರೊಳಗೆ ಜೀವಿಗಳು ಸಂಸಾರ ಹೂಡಬೇಕು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಈ 13 ದಿಬ್ಬಗಳ 1,003 ಎಕರೆಯಲ್ಲಿ ಮತ್ತೆ ಚಿನ್ನ ಹುಡುಕಲು ಒಪ್ಪಿಗೆ ಕೊಟ್ಟಿದೆ. ಚಿನ್ನ ಸಿಕ್ಕ ಮೇಲೆ ಉಳಿಯುವ ಪುಡಿಗೆ ಗೊಬ್ಬರ ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಆಗಲೇ ಕೇಳಬೇಕಿತ್ತು.

ದಿಬ್ಬದಿಂದ ಹೊಲಕ್ಕೆ ಬಂದರೆ ಲೆಕ್ಕ ಇಷ್ಟು ಸಲೀಸಲ್ಲ. ಗೊಬ್ಬರ ಹಾಕಿದರೆ ಸೂಕ್ಷ್ಮಜೀವಿ ಚಿಗುರುತ್ತದೆ, ಚಿಗುರಿದ ಸೂಕ್ಷ್ಮಜೀವಿ ಕಳೆನಾಶಕ ತಿನ್ನುತ್ತದೆ ಎಂಬ ಸೂತ್ರ ಕೇಳಲು ಸೊಗಸು. ಅಟ್ರಜಿನ್ ಅದನ್ನು ಸುಳ್ಳು ಮಾಡಿತು.

1995ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಅಟ್ರಜಿನ್ ಚೆಲ್ಲಿದ್ದ ಜಾಗದ ಮಣ್ಣಿನಿಂದ ಒಂದು ಸೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಎಡಿಪಿ ಎಂದು ಹೆಸರಾದ ಆ ತಳಿ ಅಟ್ರಜಿನ್ನನ್ನು ಪೂರಾ ಒಡೆದು ಮುಗಿಸುತ್ತಿತ್ತು. ಅದು ಹಾಗೆ ಮಾಡುತ್ತಿದ್ದುದು ಅಟ್ರಜಿನ್‌ನ ಉಂಗುರದೊಳಗೆ ಅವಿತಿರುವ ಸಾರಜನಕದ ಆಸೆಗೆ. ಅದರ ಪಕ್ಕದಲ್ಲಿ ಯೂರಿಯಾ ಸುರಿದರೆ? ಮನೆಯಲ್ಲಿ ಬಿಸಿ ಮುದ್ದೆ, ಬಸ್ಸಾರು ಕಾದಿರುವಾಗ ಯಾರೂ ಹುಣಸೆಬೀಜ ಒಡೆದು ತಿನ್ನಲು ಕೂರುವುದಿಲ್ಲ. ಸುಲಭದ ಸಾರಜನಕ ಸಿಕ್ಕ ಮಣ್ಣಿನಲ್ಲಿ ಅಟ್ರಜಿನ್ ಒಡೆಯುವ ಕೆಲಸ ನಿಧಾನವಾಗುತ್ತದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಔಷಧಿಯನ್ನು ಬೇಗ ಕರಗಿಸಲೆಂದು ಹಾಕಿದ ಗೊಬ್ಬರವೇ ಅದಕ್ಕೆ ಆಯುಸ್ಸು ಕೊಟ್ಟಂತಾಯಿತು.

ಅದೇ ವಿಶ್ವವಿದ್ಯಾಲಯದ ತಂಡ 2000ದಲ್ಲಿ ಇನ್ನೊಂದು ವರದಿ ಪ್ರಕಟಿಸಿತು. ಅಪಘಾತದಲ್ಲಿ ಅಟ್ರಜಿನ್ ಚೆಲ್ಲಿ, ದಶಲಕ್ಷಕ್ಕೆ 29,000 ಭಾಗದವರೆಗೆ ವಿಷವೇರಿದ್ದ ಮಣ್ಣು ಅದು. ಪ್ರಯೋಗಾಲಯದ ಸೀಸೆಗಳಲ್ಲಿ ರಂಜಕ ಹಾಕಿದಾಗ ಬ್ಯಾಕ್ಟೀರಿಯಾ ಚುರುಕಾದವು, ಇಂಗಾಲ ಹಾಕಿದಾಗ ಮಂಕಾದವು. ಉತ್ಸಾಹದಿಂದ ಬಯಲಿಗೆ ಬಂದು ಒಂಬತ್ತು ಮಡಿ ಮಾಡಿದರು. ಎರಡಕ್ಕೆ ಏನೂ ಹಾಕಲಿಲ್ಲ, ಎರಡಕ್ಕೆ ರಂಜಕ ಮಾತ್ರ, ಎರಡಕ್ಕೆ ಅಟ್ರಜಿನ್ ಒಡೆಯುವ ಕಿಣ್ವ ತುಂಬಿಸಿ ಕೊಂದ ಬ್ಯಾಕ್ಟೀರಿಯಾ, ಉಳಿದ ಮೂರಕ್ಕೆ ಎರಡೂ. ಎಂಟು ವಾರದ ನಂತರ ಕಿಣ್ವ ಹಾಕಿದ ಮಡಿಗಳಲ್ಲಿ ಅಟ್ರಜಿನ್ ಶೇ 52ರಷ್ಟು, ಎರಡೂ ಹಾಕಿದ ಮಡಿಗಳಲ್ಲಿ ಶೇ 77ರಷ್ಟು ಇಳಿದಿತ್ತು. ರಂಜಕ ಮಾತ್ರ ಹಾಕಿದ ಮಡಿಗಳು? ಏನೂ ಹಾಕದ ಮಡಿಗಳ ಹಾಗೆಯೇ ಇದ್ದವು. ಸೀಸೆಯಲ್ಲಿ ಗೆದ್ದದ್ದು ಬಯಲಿನಲ್ಲಿ ಗೆಲ್ಲಲಿಲ್ಲ. ಗೊಬ್ಬರ ಕಂಪನಿಗಳ ಕರಪತ್ರ ಓದುವಾಗ ಈ ಒಂಬತ್ತು ಮಡಿಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕೋಲಾರದ ಕೆಂಪು ಮಣ್ಣಿಗೆ ಇನ್ನೂ ಹತ್ತಿರದ ಎಚ್ಚರಿಕೆ ಗ್ಲೈಫೋಸೇಟ್‌ನದ್ದು. ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಗ್ಲೈಫೋಸೇಟ್ ಮಣ್ಣಿಗೆ ಬಿದ್ದ ಕೂಡಲೇ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಮೈಗೆ ಅಂಟಿಕೊಳ್ಳುತ್ತದೆ. ಮಣ್ಣಿಗೆ ಬಿದ್ದರೆ ನಿಷ್ಕ್ರಿಯ ಎಂದು ಅಂಗಡಿಯವರು ಹೇಳುವ ಮಾತಿನ ಬೇರು ಇಲ್ಲಿದೆ. ಅದು ಅರ್ಧ ಸತ್ಯ. ರಂಜಕ, ಅಂದರೆ ಡಿಎಪಿ, ಸೂಪರ್ ಫಾಸ್ಫೇಟ್‌ನಲ್ಲಿರುವ ಫಾಸ್ಫೇಟ್, ಅಂಟಿಕೊಳ್ಳುವುದೂ ಅದೇ ಜಾಗಗಳಿಗೆ. ಎರಡೂ ಒಂದೇ ಸೀಟಿಗೆ ಪೈಪೋಟಿ ನಡೆಸುತ್ತವೆ. ಗ್ಲೈಫೋಸೇಟ್ ಉಳಿದಿರುವ ಹೊಲಕ್ಕೆ ಫಾಸ್ಫೇಟ್ ಸುರಿದರೆ, ಅಂಟಿ ಕುಳಿತಿದ್ದ ಔಷಧಿ ಮತ್ತೆ ಬಿಡಿಸಿಕೊಂಡು ಮಣ್ಣಿನ ನೀರಿಗೆ ಬಂದು ಎಳೆಯ ಬೇರುಗಳಿಗೆ ತಗುಲಬಹುದು. ಯುರೋಪಿನ ಸಂಶೋಧಕರು ಕುಂಡಗಳಲ್ಲಿ ಇದನ್ನು ತೋರಿಸಿದ್ದಾರೆ. ಇನ್ನೊಂದು ತೊಡಕೂ ಇದೆ. ಗ್ಲೈಫೋಸೇಟ್‌ನಲ್ಲಿರುವ ರಂಜಕವನ್ನು ಕಿತ್ತು ತಿನ್ನುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಬಗೆಯವು ಆ ಕೆಲಸಕ್ಕೆ ಇಳಿಯುವುದು ಬೇರೆ ರಂಜಕ ಸಿಗದಾಗ ಮಾತ್ರ.

ಟೊಮೆಟೊ ಹೊಲಗಳ ಪದ್ಧತಿಯನ್ನು ಇದರ ಪಕ್ಕ ಇಟ್ಟು ನೋಡಿ. ಉಳುಮೆಗೆ ಮುಂಚೆ ಗರಿಕೆ, ಜೇಕು ಸಾಯಲೆಂದು ಗ್ಲೈಫೋಸೇಟ್ ಹೊಡೆಯುತ್ತಾರೆ. ಹದಿನೈದಿಪ್ಪತ್ತು ದಿನದಲ್ಲಿ ಏರಿ ಹಾಕಿ, ಅದರ ಒಡಲಿಗೆ ಮೂಟೆ ಮೂಟೆ ಡಿಎಪಿ ತುಂಬಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಸಸಿ ನೆಡುತ್ತಾರೆ. ವರ್ಷಗಟ್ಟಲೆ ಹೀಗೆ ಮಾಡಿದ ತರಕಾರಿ ಹೊಲಗಳಲ್ಲಿ ರಂಜಕ ಬೇಕಾದ್ದಕ್ಕಿಂತ ಹೆಚ್ಚಾಗಿ ಕೂಡಿಬಿದ್ದಿರುತ್ತದೆ. ಸಸಿ ಏಳದಿದ್ದರೆ ಬೈಗುಳ ನರ್ಸರಿಯವರಿಗೆ, ವೈರಸ್ಸಿಗೆ, ಬೋರ್‌ವೆಲ್ ನೀರಿಗೆ. ಅವುಗಳದ್ದೂ ಪಾಲಿರಬಹುದು. ಔಷಧಿ ಮತ್ತು ಡಿಎಪಿ ಮಣ್ಣಿನೊಳಗೆ ಒಂದಕ್ಕೊಂದು ಎದುರಾಗಿದ್ದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಹಾಗಾದರೆ ಯಾವ ಗೊಬ್ಬರ? ಉತ್ತರದ ಒಂದು ತುಂಡು ಬೆಂಗಳೂರಿನ ಹೆಬ್ಬಾಳದಲ್ಲಿದೆ. ಕಳೆ ನಿರ್ವಹಣೆಯ ಅಖಿಲ ಭಾರತ ಸಮನ್ವಯ ಯೋಜನೆಯ ಕೇಂದ್ರವೊಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಅಲ್ಲಿ ಕೆಲಸ ಮಾಡುತ್ತಿದೆ. ಕೋಲಾರದಂಥದ್ದೇ ಕೆಂಪು ಮಣ್ಣಿನಲ್ಲಿ, ರಾಗಿ–ಕಡಲೆಕಾಯಿ ಸರದಿಯಲ್ಲಿ, ವರ್ಷ ವರ್ಷವೂ ಅವೇ ಕಳೆನಾಶಕಗಳನ್ನು ಬಳಸಿ ದೀರ್ಘಾವಧಿ ಪ್ರಯೋಗ ನಡೆಸಿದವರು ಅವರು. ಕೆಲವು ತಾಕುಗಳಿಗೆ ಪೋಷಕಾಂಶವೆಲ್ಲ ರಸಗೊಬ್ಬರದಿಂದ, ಕೆಲವಕ್ಕೆ ಒಂದು ಪಾಲು ಕೊಟ್ಟಿಗೆ ಗೊಬ್ಬರದಿಂದ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ ಇದು: ಸಿಂಪಡಣೆಯ ಮೊದಲ ವಾರಗಳಲ್ಲಿ ಸೂಕ್ಷ್ಮಜೀವಿಗಳು ಕುಸಿಯುತ್ತವೆ, ಕೊಯ್ಲಿನ ಹೊತ್ತಿಗೆ ಸುಧಾರಿಸಿಕೊಳ್ಳುತ್ತವೆ, ಕೊಟ್ಟಿಗೆ ಗೊಬ್ಬರ ತಿಂದ ಮಣ್ಣು ಬೇಗ ಸುಧಾರಿಸಿಕೊಳ್ಳುತ್ತದೆ.

ಇನ್ನೊಂದು ತುಂಡು ಸ್ವಲ್ಪ ದೂರದಲ್ಲಿ, ಅದೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಖುಷ್ಕಿ ಬೇಸಾಯದ ತಾಕುಗಳಲ್ಲಿದೆ. 1978ರಿಂದ ಅಲ್ಲಿ ಮಳೆಯಾಶ್ರಿತ ರಾಗಿ ಬೆಳೆಯುತ್ತಾ, ಯಾವ ತಾಕಿಗೆ ಯಾವ ಗೊಬ್ಬರವೋ ಅದನ್ನೇ ವರ್ಷವರ್ಷವೂ ಕೊಡುತ್ತಾ ಬಂದಿದ್ದಾರೆ. ಏನೂ ಹಾಕದ ತಾಕು ಸೊರಗಿತು, ಅದರಲ್ಲಿ ಆಶ್ಚರ್ಯವಿಲ್ಲ. ಬರೀ ರಸಗೊಬ್ಬರದ ತಾಕು ಮೊದಮೊದಲು ಮೆರೆದು, ವರ್ಷ ಕಳೆದಂತೆ ಇಳುವರಿಯಲ್ಲಿ ಜಾರಿತು. ಹೆಕ್ಟೇರಿಗೆ 10 ಟನ್, ಅಂದರೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನ ರಸಗೊಬ್ಬರ ಪಡೆದ ತಾಕು ಎರಡು ದಶಕ ದಾಟಿದರೂ ಬಾಗಲಿಲ್ಲ, ಮಣ್ಣಿನ ಇಂಗಾಲವನ್ನೂ ಕಾಪಾಡಿಕೊಂಡಿತು. ಈ ಪ್ರಯೋಗ ಕಳೆನಾಶಕಕ್ಕೆಂದು ಹೂಡಿದ್ದಲ್ಲ. ಆದರೆ ಕೆಂಪು ಮಣ್ಣಿನ ಜೀವಿಗಳಿಗೆ ಕೊರತೆ ಇರುವುದು ಯಾವುದರದ್ದು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಾಕ್ಷಿ ಈ ಸೀಮೆಯಲ್ಲಿ ಬೇರೆ ಇಲ್ಲ. ಅಲಾಸ್ಕದ ದಂಡೆಯಲ್ಲಿ ಇಂಗಾಲ ಸೊಕ್ಕಿತ್ತು, ಸಾರಜನಕ ಇರಲಿಲ್ಲ. ಬಂಗಾರಪೇಟೆಯ ಹೊಲದಲ್ಲಿ ಯೂರಿಯಾ, ಡಿಎಪಿ ಧಾರಾಳ, ಇಂಗಾಲವೇ ಇಲ್ಲ.

ಅಮೆರಿಕದ ಸೀಸೆಯಲ್ಲಿ ಇಂಗಾಲ ಅಡ್ಡಿ ಮಾಡಿತಲ್ಲ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಅದು ಅಪಘಾತದಲ್ಲಿ ವಿಷ ಚೆಲ್ಲಿದ ಜಾಗ. ಅದನ್ನು ತಿನ್ನುವ ವಿಶೇಷ ಜೀವಿಗಳು ಅಲ್ಲಿ ಆಗಲೇ ತುಂಬಿದ್ದವು. ಹೊಲದ ಮಾತು ಬೇರೆ. ಇಲ್ಲಿ ಉಳಿಕೆ ಅತ್ಯಲ್ಪ, ಅದನ್ನೇ ನಂಬಿ ಯಾವ ಜೀವಿಯೂ ಬದುಕಲಾರದು. ಬೇರೆ ಊಟ ಉಣ್ಣುತ್ತಾ ಜೊತೆಗೆ ಔಷಧಿಯನ್ನೂ ಒಡೆದುಹಾಕುವ ಸಾಮಾನ್ಯ ಜೀವಿಗಳ ದೊಡ್ಡ ಸಂಖ್ಯೆಯೇ ಇಲ್ಲಿ ಬೇಕು. ಅವಕ್ಕೆ ಸಗಣಿ ಗೊಬ್ಬರ ಹಿತ.

ಹಾಲಿಗೆ ಹೆಸರಾದ ಜಿಲ್ಲೆಯಲ್ಲಿ ಸಗಣಿಗೇನು ಬರ ಎನ್ನಬಹುದು. ಹಸು ಇರುವ ಮನೆ, ಹೊಲ ಇರುವ ಮನೆ ಈಗ ಒಂದೇ ಆಗಿರುವುದಿಲ್ಲ. ಗೊಬ್ಬರ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಮಾರಾಟದ ಸರಕು. ಲೋಡು ಸಿಗದವರು ಕೋಳಿ ಗೊಬ್ಬರಕ್ಕೆ ಹೋಗುತ್ತಾರೆ. ಅದರಲ್ಲಿ ಸಾರಜನಕ, ರಂಜಕ ಜಾಸ್ತಿ, ಕಳಿಯದೆ ಹಾಕಿದರೆ ಬೇರು ಸುಡುತ್ತದೆ. ರಾಗಿ ಹುಲ್ಲನ್ನೇ ಮಣ್ಣಿಗೆ ಸೇರಿಸಿದರೆ ಬೇರೆ ತಾಪತ್ರಯ: ಅದರಲ್ಲಿ ಇಂಗಾಲ ಅತಿ, ಸಾರಜನಕ ಕಡಿಮೆ, ಹಾಗಾಗಿ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಪೈರನ್ನು ಉಪವಾಸ ಕೆಡವುತ್ತವೆ. ಅಲ್ಲಿ ಒಂದಿಷ್ಟು ಯೂರಿಯಾಕ್ಕೆ ಕೆಲಸವಿದೆ. ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ, ಹೂವಿಗೆ ಬಂದ ಅಪ್ಪೆಸೆಣಬು ಇವುಗಳಿಗೆ ಆ ತಾಪತ್ರಯವಿಲ್ಲ, ಲೋಡಿನ ಖರ್ಚೂ ಇಲ್ಲ. ಗೊಬ್ಬರದಲ್ಲೇ ಔಷಧಿ ಇದ್ದರೆ ಎಂಬ ಅನುಮಾನವೂ ಬರೀ ಅನುಮಾನವಲ್ಲ. 2008ರಲ್ಲಿ ಇಂಗ್ಲೆಂಡಿನ ಎಷ್ಟೋ ಕೈತೋಟಗಳಲ್ಲಿ ಟೊಮೆಟೊ, ಹುರುಳಿಕಾಯಿ ಎಲೆಗಳು ಮುದುರಿದವು. ಅಮಿನೋಪೈರಾಲಿಡ್ ಎಂಬ ಕಳೆನಾಶಕ ಹೊಡೆದ ಹುಲ್ಲನ್ನು ದನ ತಿಂದು, ಅದು ಕರಗದೆ ಸಗಣಿಯಲ್ಲಿ ಬಂದಿತ್ತು. ಕಂಪನಿ ಮಾರಾಟ ನಿಲ್ಲಿಸಬೇಕಾಯಿತು.

ಕೆರೆ ಗೋಡು ಈ ಸೀಮೆಯ ಹಳೆಯ ಮದ್ದು. ಬೇಸಿಗೆಯಲ್ಲಿ ಕೆರೆಯಂಗಳದ ಗೋಡು ಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಜೇಡಿ, ಇಂಗಾಲ, ನೀರು ಹಿಡಿಯುವ ಗುಣ ಮೂರೂ ಅದರಲ್ಲಿ ಬರುತ್ತಿತ್ತು. ಈಗ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಬೇಕು. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಕೆರೆ ತುಂಬಿದ್ದು, ಅಂತರ್ಜಲ ಏರಿದ್ದು ನಿಜ. ಆ ನೀರಿನ ಜೊತೆಗೆ ನಗರದ ಸಾರಜನಕ, ರಂಜಕವೂ ಬರುತ್ತವೆ, ಭಾರಲೋಹವೂ ಬಂದಿರಬಹುದು. ಅಂಥ ಕೆರೆಯ ಗೋಡನ್ನು ಭಾರಲೋಹದ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹೇರಬಾರದು.

ರಂಜಕವನ್ನು ತಗ್ಗಿಸಿಯೂ ಬೆಳೆ ಉಳಿಸಿಕೊಳ್ಳುವ ದಾರಿ ಜಿಕೆವಿಕೆಯಲ್ಲೇ ಇದೆ. ಪ್ರೊಫೆಸರ್ ಡಿ.ಜೆ. ಬಾಗ್ಯರಾಜ್ ದಶಕಗಳ ಕಾಲ ಅಲ್ಲಿ ಕೆಲಸ ಮಾಡಿದ್ದು ಬೇರಿನೊಳಗೆ ನೆಲೆಸುವ ಮೈಕೊರೈಜಾ ಶಿಲೀಂಧ್ರಗಳ ಮೇಲೆ. ಬೇರು ಮುಟ್ಟದ ದೂರದಿಂದ ಈ ಶಿಲೀಂಧ್ರ ರಂಜಕ ಹೀರಿ ಗಿಡಕ್ಕೆ ತಲುಪಿಸುತ್ತದೆ. ರಂಜಕ ಕೂಡಿಬಿದ್ದ ಮಣ್ಣಿನಲ್ಲಿ ಅದಕ್ಕೆ ಕೆಲಸವಿಲ್ಲ, ಬೇರಿಗೂ ಹತ್ತುವುದಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ ಎಲ್ಲ ನರ್ಸರಿ ಟ್ರೇಯಲ್ಲಿ ಹುಟ್ಟುವ ಬೆಳೆಗಳು. ಟ್ರೇಗೇ ಶಿಲೀಂಧ್ರ ಬೆರೆಸಿದರೆ ಕಡಿಮೆ ಗೊಬ್ಬರದಲ್ಲಿ ಎಕರೆಯ ಸಸಿಗಳ ಕೆಲಸ ಮುಗಿಯುತ್ತದೆ. ಅಜೋಸ್ಪೈರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪೊಟ್ಟಣಗಳೂ ಹೀಗೆಯೇ ಬದುಕಿರುವ ಸರಕು. ಅವನ್ನು ಅಂಗಡಿಯ ಬಿಸಿಲಿಗೆ ಇಟ್ಟು, ಕಳೆನಾಶಕ ಹೊಡೆದ ಮಾರನೆ ದಿನ ಎರಚಿ, ಏನೂ ಪ್ರಯೋಜನವಾಗಲಿಲ್ಲ ಎಂದರೆ ತಪ್ಪು ಪೊಟ್ಟಣದ್ದಲ್ಲ.

ಸಣ್ಣದೊಂದು ಕೆಲಸ ಯಾರು ಬೇಕಾದರೂ ಮಾಡಬಹುದು. ಔಷಧಿ ಬಿದ್ದ ಹೊಲದ ಮಣ್ಣು ಒಂದು ಕುಂಡಕ್ಕೆ, ಔಷಧಿ ಕಾಣದ ಹೊಂಗೆಮರದ ಬುಡದ ಮಣ್ಣು ಇನ್ನೊಂದಕ್ಕೆ ತುಂಬಿ, ಎರಡರಲ್ಲೂ ಸಾಸಿವೆ ಮತ್ತು ಮುಂದೆ ನೆಡಬೇಕೆಂದಿರುವ ಬೆಳೆಯ ಬೀಜ ಹಾಕಿ ನೀರುಣಿಸುವುದು. ಎರಡು ವಾರದಲ್ಲಿ ಮೊದಲ ಕುಂಡದ ಸಸಿ ಬಿಳಿಚಿದರೆ, ಮುದುರಿದರೆ, ಕುಳ್ಳಗೆ ನಿಂತರೆ ಆ ಹೊಲಕ್ಕೆ ಈಗಲೇ ಸಸಿ ತರಬಾರದು. ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ನೀರು ಹಾಯಿಸಿ ಹಸಿ ಉಳಿಸಿ, ಡಿಎಪಿಯನ್ನು ಮಣ್ಣು ಪರೀಕ್ಷೆ ಹೇಳಿದಷ್ಟಕ್ಕೇ ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ಕುಂಡ ಇಡಬೇಕು. ಪ್ಯಾರಾಕ್ವಾಟ್ ವಿಷಯದಲ್ಲಿ ಮಾತ್ರ ಇದು ಮೋಸ ಮಾಡಬಹುದು: ಅದು ಜೇಡಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ ವರ್ಷಗಟ್ಟಲೆ ಉಳಿದಿದ್ದರೂ ಬೀಜಕ್ಕೆ ಗೊತ್ತಾಗುವುದಿಲ್ಲ.

ಸ್ವಿಟ್ಜರ್ಲೆಂಡಿನ ಕೃಷಿ ಸಂಶೋಧನಾ ಸಂಸ್ಥೆ ಅಗ್ರೋಸ್ಕೋಪ್ 2021ರಲ್ಲಿ ಜನರಿಗೆ 2,000 ಹತ್ತಿಯ ಚಡ್ಡಿ ಹಂಚಿ ಮಣ್ಣಿನಲ್ಲಿ ಹೂಳಲು ಹೇಳಿತು. ತಿಂಗಳೆರಡು ತಿಂಗಳಲ್ಲಿ ಅಗೆದಾಗ ಎಲಾಸ್ಟಿಕ್ ಮಾತ್ರ ಉಳಿದಿದ್ದರೆ ಮಣ್ಣು ಜೀವಂತ. ನಗು ಬರುತ್ತದೆ, ಆದರೆ ಆ ಚಡ್ಡಿಗಳು ಅಳೆದದ್ದನ್ನು ನಮ್ಮ ಮಣ್ಣು ಆರೋಗ್ಯ ಕಾರ್ಡು ಅಳೆಯುವುದಿಲ್ಲ. 2015ರಲ್ಲಿ ಶುರುವಾದ ಆ ಕಾರ್ಡಿನಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಜೀವ ಇರುವ ಅಂಶ ಒಂದೂ ಇಲ್ಲ. ಮಣ್ಣು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ, ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯ ಸಾಕು. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರ, ಕೃಷಿ ಇಲಾಖೆ ಸೇರಿ ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಕಾರ್ಡಿಗಾದರೂ ಆ ಹದಿಮೂರನೆಯ ಸಾಲನ್ನು ಸೇರಿಸಬೇಕು. ಬರುವ ಮುಂಗಾರಿಗೆ ಮುಂಚೆಯೇ ಶುರು ಮಾಡಬಹುದಾದ ಕೆಲಸ ಇದು.